ನಿಸರ್ಗಚಿತ್ರಕಾರ ಜಾನ್ ಕಾನ್‌ಸ್ಟೆಬಲ್

ಸೃಷ್ಟಿಯ ಸೊಬಗನ್ನು ಕಂಡು ಕ್ಷಣಕಾಲ ಹಿಗ್ಗುವವರು ಅನೇಕರು. ಕಂಡ ಆ ಸೊಬಗನ್ನು ಮನಸ್ಸಿನಲ್ಲಿ ಕಾಪಾಡಿಕೊಂಡು, ವರ್ಷಗಟ್ಟಲೆ ದುಡಿದು, ಅದಕ್ಕೆ ಸ್ಥಿರವಾದ ರೂಪವನ್ನು ಕೊಡುವವರು ವಿರಳರು. ಇಂಗ್ಲೆಂಡಿನ ಪ್ರಸಿದ್ಧ ಚಿತ್ರಕಾರನಾದ ಜಾನ್ ಕಾನ್‌ಸ್ಟೆಬಲನು ಅಂಥ ವಿರಳರಲ್ಲೊಬ್ಬನು. ಬಯಲಿನಲ್ಲಿ ಕುಳಿತು ಬರೆದ ಅಂಗೈಯಗಲದ ಕರಡುಚಿತ್ರದಿಂದ ಆರಡಿಯ ಮಹಾಚಿತ್ರದವರೆಗೆ ಆತನು ನಡೆದ ದಾರಿಯೇ ಆತನ ಜೀವನಚರಿತ್ರೆಯೆಂದರೆ ತಪ್ಪಾಗಲಾರದು.

ಕಾನ್‌ಸ್ಟೆಬಲನು 1776ನೆಯ ಇಸವಿ ಜೂನ್ 11ರಂದು ಸಫೋಕ್ ಪ್ರಾಂತದ ಈಸ್ಟ್ ಬರ್ಗ್‌ಹೋಲ್ಟ್ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆಯಾದ ಗೋಲ್ಡಿಂಗ್ ಕಾನ್‌ಸ್ಟೆಬಲನು ಅನುಕೂಲಸ್ಥನಾದ ಧಾನ್ಯದ ವ್ಯಾಪಾರಿ. ಸ್ಟೂರ್ ನದಿಯ ದಂಡೆಯ ಮೇಲಿನ ಫ್ಲ್ಯಾಟ್‌ಫರ್ಡ್ ಮತ್ತು ಡೆಡ್‌ಹ್ಯಾಂ ಎಂಬ ಊರುಗಳಲ್ಲಿ ಆತನಿಗೆ ನೀರಿನಿಂದ ತಿರುಗುವ ಹಿಟ್ಟಿನ ಗಿರಣಿಗಳಿದ್ದವು. ಮಗನು ಮನೆತನದ ವ್ಯಾಪಾರವನ್ನೇ ಮುಂದುವರಿಸಬೇಕೆಂಬುದು ತಂದೆಯ ಇಚ್ಛೆ. ಅದರಂತೆ ತರುಣನು ಕೆಲಕಾಲ ಗಾಳಿಗಿರಣಿಯಲ್ಲಿ ದುಡಿದನು. ಗಾಳಿಯ ದಿಕ್ಕನ್ನೂ ಮೋಡಗಳ ನಡೆಯನ್ನೂ ಅರಿಯದವನು ಗಾಳಿಗಿರಣಿಯನ್ನು ನಡೆಯಿಸಲಾರನು. ಹೀಗೆ ಆಕಾಶವನ್ನು ಓದುವ ವಿದ್ಯೆಯು ಆತನಿಗೆ ತಂದೆಯ ವ್ಯಾಪಾರದಿಂದಲೇ ದೊರೆಯಿತು.

ಆದರೆ ಆತನ ಚಿತ್ತವು ಚಿತ್ರಕಲೆಯಲ್ಲಿ ನೆಟ್ಟಿತ್ತು. ಕೊನೆಗೆ ತಂದೆಯು ಒಪ್ಪಲು, 1799ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯ ಶಾಲೆಯನ್ನು ಸೇರಿದನು. ಅಲ್ಲಿ ಪೂರ್ವದ ಮಹಾಚಿತ್ರಕಾರರ ಕೃತಿಗಳನ್ನು ನಕಲು ಮಾಡಿ ಕೈ ಪಳಗಿಸಿಕೊಂಡನು. 1802ರಲ್ಲಿ ಸೈನಿಕ ವಿದ್ಯಾಲಯವೊಂದರಲ್ಲಿ ಚಿತ್ರಕಲೆಯ ಉಪಾಧ್ಯಾಯನ ಕೆಲಸವು ಆತನಿಗೆ ಒದಗಿಬಂದಿತು. ನಿಶ್ಚಿತವಾದ ವರಮಾನವನ್ನು ಆತನು ನಿರಾಕರಿಸಿದನು. ಪರರ ಚಿತ್ರಗಳಲ್ಲಿ ಸತ್ಯವನ್ನು ಹುಡುಕುವುದಕ್ಕಿಂತ ಸೃಷ್ಟಿಯನ್ನೇ ಗುರುವೆಂದು ಭಾವಿಸಿ ಅದರ ಮುಂದೆ ಕುಳಿತು ಕಲಿಯಬೇಕೆಂದು ನಿಶ್ಚಯಿಸಿ, ತನ್ನ ಹುಟ್ಟೂರಿನ ಹೊಲಗಳಿಗೆ ಮರಳಿದನು.

ಅಲ್ಲಿ ಆತನ ಕ್ರಮವು ಸರಳವಾಗಿತ್ತು. ಬಣ್ಣದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮುಚ್ಚಳದೊಳಗೆ ಚಿಕ್ಕ ಕಾಗದವನ್ನು ಸಿಕ್ಕಿಸಿ, ಎದುರಿಗಿದ್ದ ಮರ, ನೀರು, ಮುಗಿಲುಗಳನ್ನು ತೈಲವರ್ಣದಲ್ಲಿ ತ್ವರಿತವಾಗಿ ಬರೆಯುತ್ತಿದ್ದನು. ಬೆಳಕು ಯಾರಿಗಾಗಿಯೂ ಕಾಯುವುದಿಲ್ಲವಾದ್ದರಿಂದ ಕೈಯು ಕಣ್ಣಿನಷ್ಟೇ ವೇಗವಾಗಿ ನಡೆಯಬೇಕಾಗಿತ್ತು. ಅಂಗಿಯ ಕಿಸೆಯಲ್ಲಿ ಹಿಡಿಯುವಷ್ಟು ಚಿಕ್ಕ ಪುಸ್ತಕಗಳಲ್ಲಿ ಸೀಸದ ಕಡ್ಡಿಯಿಂದ ನೇಗಿಲು, ದೋಣಿ, ಗೇಟು, ಚರ್ಚಿನ ಗೋಪುರ ಮುಂತಾದವನ್ನು ಗುರುತು ಹಾಕಿಕೊಳ್ಳುತ್ತಿದ್ದನು. 1813 ಮತ್ತು 1814ನೆಯ ಇಸವಿಗಳ ಅಂಥ ಎರಡು ಪುಸ್ತಕಗಳು ಇಂದಿಗೂ ಉಳಿದಿವೆ.

ಈ ಕಾಲವು ಆತನಿಗೆ ಕಷ್ಟದ ಕಾಲವೂ ಆಗಿತ್ತು. ಮರಿಯಾ ಬಿಕ್ನೆಲ್ ಎಂಬ ಕನ್ಯೆಯನ್ನು ವರಿಸಬೇಕೆಂದಿದ್ದನು. ಸಂಪಾದನೆಯಿಲ್ಲದ ಚಿತ್ರಕಾರನಿಗೆ ಹೆಣ್ಣು ಕೊಡಲು ಆಕೆಯ ಮನೆಯವರು ಒಪ್ಪಲಿಲ್ಲ. ಇಬ್ಬರೂ ಏಳು ವರ್ಷಗಳ ಕಾಲ ತಾಳಿಕೊಂಡಿದ್ದು 1816ರಲ್ಲಿ ವಿವಾಹವಾದರು. ಸಂಸಾರವು ಬೆಳೆಯತೊಡಗಿತು. ಚಿಕ್ಕ ಚಿತ್ರಗಳಿಂದ ಕೀರ್ತಿಯೂ ಬಾರದು, ಜೀವನವೂ ಸಾಗದು ಎಂಬುದನ್ನರಿತು ಕಾನ್‌ಸ್ಟೆಬಲನು ಆರಡಿಯ ಅರಿವೆಗಳ ಮೇಲೆ ದೊಡ್ಡ ಚಿತ್ರಗಳನ್ನು ಬರೆಯಲು ಕೈಹಾಕಿದನು.

ಇಲ್ಲಿಯೇ ಆತನಿಗೆ ನಿಜವಾದ ತೊಡಕು ಎದುರಾಯಿತು. ಬಯಲಿನ ಕರಡಿನಲ್ಲಿ ಗಾಳಿ ಬೀಸುತ್ತಿತ್ತು, ಎಲೆಗಳು ಮಿನುಗುತ್ತಿದ್ದವು. ಅದನ್ನೇ ಕೋಣೆಯೊಳಗೆ ಹಿಗ್ಗಿಸಿ ತಿದ್ದುತ್ತ ಹೋದರೆ ಜೀವಕಳೆಯು ಮಾಯವಾಗುವ ಭಯವಿತ್ತು. ಕರಡನ್ನೇ ಹಾಗೆಯೇ ಒಪ್ಪಿಸಿದರೆ ಅಪೂರ್ಣವೆಂದು ಅಕಾಡೆಮಿಯು ತಳ್ಳಿಬಿಡುತ್ತಿತ್ತು. ಇದಕ್ಕೆ ಆತನು ಕಂಡುಕೊಂಡ ಉಪಾಯವು ಬಹಳ ಶ್ರಮದ್ದು. ಮುಗಿಸಬೇಕಾದ ಚಿತ್ರದಷ್ಟೇ ದೊಡ್ಡದಾದ ಇನ್ನೊಂದು ಅರಿವೆಯ ಮೇಲೆ ಮೊದಲು ಕರಡನ್ನೇ ಪೂರ್ಣಪ್ರಮಾಣದಲ್ಲಿ ಬರೆಯುವುದು. ಅದರಲ್ಲಿ ಬಣ್ಣವನ್ನು ದಪ್ಪವಾಗಿ ಬಳಿದು, ಬೆಳಕು ನೆರಳುಗಳನ್ನು ಹೊಂದಿಸಿ ನೋಡಿ, ತಪ್ಪುಗಳನ್ನೆಲ್ಲ ಅಲ್ಲಿಯೇ ಮಾಡಿ ಮುಗಿಸುವುದು. ಬಳಿಕ ಸ್ಥಿರಚಿತ್ತದಿಂದ ಕೊನೆಯ ಚಿತ್ರಕ್ಕೆ ತೊಡಗುವುದು. ಕೊಳ್ಳುವವರಿಲ್ಲದ, ತನಗಾಗಿಯೇ ಬರೆದುಕೊಂಡ ಆ ಕರಡುಗಳಿಗೆ ಆತನು ಅಮೂಲ್ಯವಾದ ಕಾಲವನ್ನು ವೆಚ್ಚಮಾಡಿದನು. ಹೀಗೆ ಸಿದ್ಧವಾದ ಮೊದಲನೆಯ ಚಿತ್ರವಾದ ಬಿಳಿಯ ಕುದುರೆಯನ್ನು 1819ರಲ್ಲಿ ಪ್ರದರ್ಶಿಸಲು, ಸ್ನೇಹಿತನಾದ ಜಾನ್ ಫಿಷರನು ಅದನ್ನು 100 ಗಿನಿಗಳಿಗೆ ಕೊಂಡನು. ಅದೇ ವರ್ಷ ಅಕಾಡೆಮಿಯ ಸಹಸದಸ್ಯತ್ವವೂ ಲಭಿಸಿತು.

1821ರಲ್ಲಿ ಪ್ರದರ್ಶಿತವಾದ ಹುಲ್ಲಿನ ಬಂಡಿಯೆಂಬ ಚಿತ್ರವು ಈ ಕ್ರಮಕ್ಕೆ ಉತ್ತಮ ನಿದರ್ಶನವಾಗಿದೆ. ಫ್ಲ್ಯಾಟ್‌ಫರ್ಡಿನ ಗಿರಣಿಯ ಬಳಿ ನೀರಿನೊಳಗೆ ನಿಂತ ಬಂಡಿ, ಎಡಕ್ಕೆ ವಿಲ್ಲಿ ಲಾಟ್ ಎಂಬ ಒಕ್ಕಲಿಗನ ಮನೆ, ಮೇಲೆ ಮೋಡಗಳು ಸಾಗುವ ಮಧ್ಯಾಹ್ನದ ಆಕಾಶ, ಇಷ್ಟೇ ಅದರ ವಸ್ತು. ಆ ಮನೆಯನ್ನು ವರ್ಷಗಳ ಹಿಂದೆಯೇ ಬಯಲಿನಲ್ಲಿ ಬರೆದಿಟ್ಟುಕೊಂಡಿದ್ದನು. ಲಂಡನ್ನಿನಲ್ಲಿದ್ದ ಆತನಿಗೆ ಬಂಡಿಯ ವಿವರಗಳು ಸಾಲದಾದವು. ಊರಿಗೆ ಬರೆಯಲು, ಜಾನ್ ಡನ್‌ಥಾರ್ನನೆಂಬ ಯುವಕನು ಚಳಿಯಲ್ಲಿ ನಿಂತು ಬಂಡಿಯನ್ನು ಬರೆದನು. ತಮ್ಮನಾದ ಅಬ್ರಾಮನು ಅದನ್ನು ಕಳುಹಿಸಿಕೊಟ್ಟನು. ಕರಡಿನಲ್ಲಿ ನೀರಿನಂಚಿಗೆ ಕುದುರೆಯೊಡನೆ ಒಬ್ಬ ಮನುಷ್ಯನಿದ್ದನು. ಕೊನೆಯ ಚಿತ್ರದಲ್ಲಿ ಆತನನ್ನು ತೆಗೆದು ಪೀಪಾಯಿಯೊಂದನ್ನಿಟ್ಟು, ಅದೂ ಸಲ್ಲದೆಂದು ಅಳಿಸಿ, ಬಂಡಿಯ ಕಡೆಗೆ ನೋಡುವ ನಾಯಿಯನ್ನು ಮಾತ್ರ ಉಳಿಸಿದನು. ಸೇರಿಸುವುದಕ್ಕಿಂತ ಬಿಡುವುದೇ ಕಠಿನವೆಂಬುದು ಇದರಿಂದ ವ್ಯಕ್ತವಾಗುವುದು.

ಅಷ್ಟು ಶ್ರಮದ ಚಿತ್ರವು ಲಂಡನ್ನಿನ ಆ ಪ್ರದರ್ಶನದಲ್ಲಿ ಮಾರಾಟವಾಗಲಿಲ್ಲ. ಕಾನ್‌ಸ್ಟೆಬಲನು ಎದೆಗುಂದಲಿಲ್ಲ. 1821 ಮತ್ತು 1822ರಲ್ಲಿ ಹ್ಯಾಂಪ್‌ಸ್ಟೆಡ್ಡಿನ ದಿಬ್ಬದ ಮೇಲೆ ನಿಂತು ಮೋಡಗಳನ್ನೇ ಬರೆಯುತ್ತ, ಕಾಗದದ ಹಿಂಬದಿಯಲ್ಲಿ ದಿನ, ವೇಳೆ, ಗಾಳಿಯ ದಿಕ್ಕುಗಳನ್ನು ನಮೂದಿಸಿದನು. ಅರೋಸ್ಮಿತ್ ಎಂಬ ವ್ಯಾಪಾರಿಯು ಹುಲ್ಲಿನ ಬಂಡಿಯನ್ನು ಕೊಂಡು 1824ರಲ್ಲಿ ಪ್ಯಾರಿಸ್ಸಿನ ಪ್ರದರ್ಶನಕ್ಕೊಯ್ಯಲು, ಫ್ರಾನ್ಸಿನ ಅರಸನಾದ ಹತ್ತನೆಯ ಚಾರ್ಲ್ಸನು ಸುವರ್ಣಪದಕವನ್ನಿತ್ತನು. ದೆಲಕ್ರ್ವಾ ಮೊದಲಾದ ಅಲ್ಲಿಯ ತರುಣ ಚಿತ್ರಕಾರರು ಆ ಬಣ್ಣಗಳ ಹೊಳಪಿಗೆ ಬೆರಗಾದರು. ಸ್ವದೇಶದಲ್ಲಿ ದೊರೆಯದ ಮನ್ನಣೆ ಪರದೇಶದಲ್ಲಿ ದೊರೆಯಿತು.

1828ರ ನವೆಂಬರಿನಲ್ಲಿ ಪತ್ನಿಯಾದ ಮರಿಯಾ ಏಳು ಮಕ್ಕಳನ್ನು ಬಿಟ್ಟು ಕ್ಷಯರೋಗದಿಂದ ತೀರಿಕೊಂಡಳು. ಆ ಶೋಕದಲ್ಲಿ ಕಾನ್‌ಸ್ಟೆಬಲನು ತನ್ನ ಹಳೆಯ ಕಿಸೆಪುಸ್ತಕಕ್ಕೆ ಮರಳಿದನು. 1814ರಲ್ಲಿ ಥೇಮ್ಸ್ ನದಿಯ ಮುಖದ ಬಳಿಯ ಹ್ಯಾಡ್ಲಿ ಕೋಟೆಯ ಪಾಳುಗೋಪುರಗಳನ್ನು ಸೀಸದ ಕಡ್ಡಿಯಿಂದ ಗೀಚಿಕೊಂಡಿದ್ದನು. ಹದಿನೈದು ವರ್ಷ ಸುಮ್ಮನಿದ್ದ ಆ ಗೀಟುಗಳು ಈಗ ಆತನ ದುಃಖಕ್ಕೆ ರೂಪವಾದವು. ಪೂರ್ಣಪ್ರಮಾಣದ ಕರಡನ್ನು ಮೊದಲು ಬರೆದು, 1829ರಲ್ಲಿ ಚಿತ್ರವನ್ನು ಮುಗಿಸಿದನು. ಬಿರುಕುಬಿಟ್ಟ ಗೋಪುರ, ಬಿರುಗಾಳಿಯ ರಾತ್ರಿ ಕಳೆದ ಮುಂಜಾವು, ದೂರದ ಸಮುದ್ರದ ಮೇಲೆ ಬಿದ್ದ ಬೆಳಕು ಇವನ್ನು ನೋಡಿದವರಿಗೆ ಆತನ ಅಂತರಂಗವು ಬೇರೆ ಮಾತಿಲ್ಲದೆ ತಿಳಿಯುವುದು. ಆ ವರ್ಷವೇ ಅಕಾಡೆಮಿಯ ಪೂರ್ಣಸದಸ್ಯತ್ವವು ಬಂದಿತು. ಆದರೆ ಸಂತೋಷವನ್ನು ಹಂಚಿಕೊಳ್ಳತಕ್ಕವಳು ಇರಲಿಲ್ಲ.

1837ನೆಯ ಇಸವಿ ಮಾರ್ಚ್ 31ರಂದು ಕಾನ್‌ಸ್ಟೆಬಲನು ಲಂಡನ್ನಿನಲ್ಲಿ ದಿವಂಗತನಾದನು. ಹ್ಯಾಂಪ್‌ಸ್ಟೆಡ್ಡಿನಲ್ಲಿ ಪತ್ನಿಯ ಸಮಾಧಿಯಲ್ಲಿಯೇ ಆತನನ್ನೂ ಇರಿಸಿದರು. ಮಕ್ಕಳು ತಂದೆಯ ಕರಡುಗಳನ್ನು ಜೋಪಾನಮಾಡಿದರು. 1888ರಲ್ಲಿ ಮಗಳಾದ ಇಸಬೆಲಳು ಅನೇಕವನ್ನು ವಸ್ತುಸಂಗ್ರಹಾಲಯಕ್ಕೆ ಅರ್ಪಿಸಿದಳು. ಹುಲ್ಲಿನ ಬಂಡಿಯ ಪೂರ್ಣಚಿತ್ರವು ಇಂದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿಯೂ, ಅದರ ದೊಡ್ಡ ಕರಡು ಅದೇ ನಗರದ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿಯೂ ಇವೆ. ಒಂದರಲ್ಲಿ ಸಿದ್ಧಿಯನ್ನೂ ಮತ್ತೊಂದರಲ್ಲಿ ಸಾಧನೆಯನ್ನೂ ಕಾಣಬಹುದು. ಜನರಿಗೆ ತೋರದ ದುಡಿಮೆಯೇ ಜನರು ಮೆಚ್ಚುವ ಕಾರ್ಯಕ್ಕೆ ತಳಹದಿಯೆಂಬುದನ್ನು ಆತನ ಬಾಳು ಎಲ್ಲರಿಗೂ ಮನಗಾಣಿಸುತ್ತಿದೆ.