ಚರ್ಚಿಲ್ ಜೀವ ಉಳಿಸಿತೇ ಪೆನಿಸಿಲಿನ್? ಫ್ಲೆಮಿಂಗ್ ಅವರ ನಿಜವಾದ ಕಥೆ

ಸ್ಕಾಟ್ಲೆಂಡಿನ ಬಡ ರೈತನೊಬ್ಬ ಕೆಸರಿನಲ್ಲಿ ಹೂತುಹೋಗುತ್ತಿದ್ದ ಬಾಲಕ ಚರ್ಚಿಲ್‌ನನ್ನು ಕಾಪಾಡಿದನಂತೆ. ಋಣ ತೀರಿಸಲು ಚರ್ಚಿಲ್ ತಂದೆ ಆ ರೈತನ ಮಗ ಅಲೆಕ್ಸಾಂಡರ್ ಫ್ಲೆಮಿಂಗ್‌ನನ್ನು ಡಾಕ್ಟರ್ ಓದಿಸಿದರಂತೆ. ಮುಂದೆ ಫ್ಲೆಮಿಂಗ್ ಕಂಡುಹಿಡಿದ ಪೆನಿಸಿಲಿನ್ ಇಂಜೆಕ್ಷನ್ ಚರ್ಚಿಲ್ ಜೀವ ಉಳಿಸಿತಂತೆ. ಈ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದು ಸುಳ್ಳು.

ನಿಜವೇನು? ಫ್ಲೆಮಿಂಗ್ ಹುಟ್ಟಿದ್ದು 1881ರ ಆಗಸ್ಟ್ 6ರಂದು, ಸ್ಕಾಟ್ಲೆಂಡಿನ ರೈತ ಕುಟುಂಬದಲ್ಲಿ. ಚರ್ಚಿಲ್ ಅವರಿಗಿಂತ ಏಳು ವರ್ಷ ದೊಡ್ಡವರು. ಫ್ಲೆಮಿಂಗ್ ಏಳು ವರ್ಷದವರಿದ್ದಾಗಲೇ ತಂದೆ ತೀರಿಕೊಂಡರು. ಲಂಡನ್ನಿನ ಹಡಗು ಕಂಪನಿಯೊಂದರಲ್ಲಿ ಗುಮಾಸ್ತರಾಗಿದ್ದ ಅವರು, ಸಂಬಂಧಿಕರೊಬ್ಬರು ಬಿಟ್ಟುಹೋದ ಹಣ ಮತ್ತು ವಿದ್ಯಾರ್ಥಿವೇತನದಿಂದ ವೈದ್ಯಕೀಯ ಓದಿದರು. ಇನ್ನು 1943ರ ಡಿಸೆಂಬರ್‌ನಲ್ಲಿ ನ್ಯುಮೋನಿಯಾ ಆಗಿದ್ದ ಚರ್ಚಿಲ್‌ಗೆ ಕೊಟ್ಟದ್ದು ಸಲ್ಫಾ ಔಷಧ, ಪೆನಿಸಿಲಿನ್ ಅಲ್ಲ.

1928ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಫ್ಲೆಮಿಂಗ್ ಒಂದು ಗಾಜಿನ ತಟ್ಟೆ ಗಮನಿಸಿದರು. ಅದರಲ್ಲಿ ಬೂಷ್ಟು ಬೆಳೆದಿತ್ತು, ಸುತ್ತಲಿನ ಬ್ಯಾಕ್ಟೀರಿಯಾ ಸತ್ತಿದ್ದವು. ಆದರೆ ಆ ರಸವನ್ನು ಶುದ್ಧ ಔಷಧವಾಗಿ ಬೇರ್ಪಡಿಸಲು ಅವರಿಂದಾಗಲಿಲ್ಲ. ಅದನ್ನು ಸಾಧಿಸಿದ್ದು ಆಕ್ಸ್‌ಫರ್ಡ್‌ನ ಫ್ಲೋರಿ, ಚೈನ್ ಮತ್ತು ಅವರ ಸಂಗಡಿಗರು.

1941ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡ್ ತಂಡ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸನಿಗೆ ಪೆನಿಸಿಲಿನ್ ಚುಚ್ಚಿತು. ಕೆಲವೇ ದಿನಗಳಲ್ಲಿ ಆತ ಚೇತರಿಸಿಕೊಂಡ. ಅಷ್ಟರಲ್ಲಿ ಔಷಧ ಮುಗಿಯಿತು. ಮೂತ್ರದಿಂದ ಮತ್ತೆ ತೆಗೆದು ಕೊಟ್ಟರೂ ಸಾಲಲಿಲ್ಲ, ಸೋಂಕು ಮರಳಿ ಆತ ತೀರಿಕೊಂಡ. ಪೆನಿಸಿಲಿನ್ ಮೂತ್ರದಲ್ಲಿ ಬೇಗ ಹೊರಹೋಗುತ್ತದೆ. ಅದಕ್ಕೇ ಇಷ್ಟು ಗಂಟೆಗೊಮ್ಮೆ ಎಂದು ಡೋಸ್ ನಿಗದಿ ಮಾಡುವುದು.

1942ರಲ್ಲಿ ಹ್ಯಾರಿ ಲ್ಯಾಂಬರ್ಟ್ ಎಂಬ ರೋಗಿಗೆ ಮಿದುಳು ಪೊರೆಯ ಸೋಂಕಾಗಿತ್ತು. ಫ್ಲೋರಿ ಅವರಿಂದ ಔಷಧ ತರಿಸಿಕೊಂಡು ಫ್ಲೆಮಿಂಗ್ ಸ್ನಾಯುವಿಗೆ ಚುಚ್ಚಿದರು. ಬೆನ್ನುಹುರಿಯ ದ್ರವಕ್ಕೆ ಅದು ಸಾಕಷ್ಟು ತಲುಪದಿದ್ದಾಗ ನೇರವಾಗಿ ಅಲ್ಲಿಗೇ ಕೊಟ್ಟರು. ರೋಗಿ ಉಳಿದ. ಔಷಧ ಸರಿಯಿದ್ದರೆ ಸಾಲದು, ಕೊಡುವ ದಾರಿಯೂ ಸರಿಯಿರಬೇಕು.

1945ರಲ್ಲಿ ಫ್ಲೋರಿ, ಚೈನ್ ಜೊತೆ ನೊಬೆಲ್ ಪಡೆದಾಗ ಫ್ಲೆಮಿಂಗ್ ಒಂದು ಎಚ್ಚರಿಕೆ ಕೊಟ್ಟರು: ಕಡಿಮೆ ಡೋಸ್ ತಗೊಂಡರೆ ರೋಗಾಣು ಸಾಯುವುದಿಲ್ಲ, ಔಷಧವನ್ನೇ ಎದುರಿಸಲು ಕಲಿಯುತ್ತದೆ. 1955ರ ಮಾರ್ಚ್ 11ರಂದು ಅವರು ತೀರಿಕೊಂಡರು. ಆ ಎಚ್ಚರಿಕೆ ಇಂದು ನಿಜವಾಗಿದೆ.

ಭೀಮಾ ತೀರದ ಘತ್ತರಗಿಯಿಂದ ಅಫಜಲಪುರಕ್ಕೋ ಕಲಬುರಗಿಗೋ ರೋಗಿಯನ್ನು ಕರೆದೊಯ್ದವರಿಗೂ ಈ ಕಥೆ ಬೇಕು. ವಾರ್ಡಿನಲ್ಲಿ ಸಿಸ್ಟರ್ ಚಿಕ್ಕ ಬಾಟಲಿಯ ಪುಡಿಗೆ ನೀರು ಬೆರೆಸುವುದನ್ನು ನೀವು ನೋಡಿರುತ್ತೀರಿ. ಅನೇಕ ಆಂಟಿಬಯೋಟಿಕ್‌ಗಳು ದ್ರವವಾಗಿದ್ದರೆ ಬೇಗ ಶಕ್ತಿ ಕಳೆದುಕೊಳ್ಳುತ್ತವೆ, ಹಾಗಾಗಿ ಪುಡಿಯಾಗಿ ಬರುತ್ತವೆ. ಬೆರೆಸುವ ದ್ರವವೂ ಮುಖ್ಯ. ಉದಾಹರಣೆಗೆ, ಸೆಫ್ಟ್ರಿಯಾಕ್ಸೋನ್ ಅನ್ನು ಕ್ಯಾಲ್ಸಿಯಂ ಇರುವ ರಿಂಗರ್ ಲ್ಯಾಕ್ಟೇಟ್ ಬಾಟಲಿಗೆ ಬೆರೆಸಿದರೆ ಕಣಗಳು ಗಟ್ಟಿಯಾಗಿ ಕೂರುತ್ತವೆ. ಇದು, ಮುಖ್ಯವಾಗಿ ನವಜಾತ ಶಿಶುಗಳಿಗೆ, ಪ್ರಾಣಾಪಾಯ.

ರೋಗಿಯ ಮನೆಯವರು ಇಷ್ಟು ಮಾಡಬಹುದು:

- ಹಿಂದೆ ಯಾವುದೇ ಔಷಧದಿಂದ ಮೈ ತುರಿಕೆ, ಮುಖ ಊತ, ಉಸಿರಾಟದ ತೊಂದರೆ ಆಗಿದ್ದರೆ ಮೊದಲೇ ಹೇಳಿ.
- ಪ್ರತಿ ರೋಗಿಗೂ ಹೊಸ ಸೂಜಿ, ಹೊಸ ಸಿರಿಂಜ್ ಇರಬೇಕು. ಅನುಮಾನವಿದ್ದರೆ ಕೇಳಲು ಸಂಕೋಚ ಬೇಡ.
- ಇಂಜೆಕ್ಷನ್ ಆದ ಮೇಲೆ ಉಸಿರು ಕಟ್ಟಿದರೆ, ತಲೆ ಸುತ್ತಿದರೆ ತಕ್ಷಣ ಕೂಗಿ ಕರೆಯಿರಿ. ಟೆಸ್ಟ್ ಡೋಸ್‌ನಲ್ಲಿ ಏನೂ ಆಗದಿದ್ದರೂ ಅಲರ್ಜಿ ಆಗಬಹುದು.
- ಜ್ವರ ಇಳಿಯಿತೆಂದು ಡಾಕ್ಟರ್‌ ಹೇಳದೆ ಚಿಕಿತ್ಸೆ ಅರ್ಧಕ್ಕೆ ಬಿಡಬೇಡಿ.
- ನೆಗಡಿಗೆ ಒಂದು ಸೂಜಿ ಹಾಕಿ ಎಂದು ಒತ್ತಾಯಿಸಬೇಡಿ. ವೈರಸ್ ಮೇಲೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ.

ಚರ್ಚಿಲ್ ಕಥೆ ಮತ್ತೆ ಬಂದರೆ ಅದರ ಬದಲು ಇದನ್ನು ಹಂಚಿ ಎಂದು ನಾವು ಕೇಳಿಕೊಳ್ಳುತ್ತೇವೆ.