ಕೌಪರ್ ಕವಿಯ ಹಿರಿಯ ಗೆಳತಿ

ಹಂಟಿಂಗ್ಡನ್ ಪಟ್ಟಣದ ದೇವಾಲಯದಲ್ಲಿ 1765ನೆಯ ಇಸವಿಯಲ್ಲಿ ಆರಾಧನೆ ಮುಗಿಸಿ ಹೊರಬಂದ ವಿಲಿಯಂ ಕೌಪರನನ್ನು ಒಬ್ಬ ತರುಣನು ಮಾತನಾಡಿಸಿ, ತನ್ನ ಮನೆಯವರ ಪರಿಚಯ ಮಾಡಿಸಿದನು. ಆ ತರುಣನ ತಾಯಿಯೇ ಮೇರಿ ಅನ್ವಿನ್. ಕೌಪರನಿಗಿಂತ ಏಳು ವರ್ಷ ಹಿರಿಯಳು. ಮನೋವ್ಯಾಧಿಯಿಂದ ಬಳಲಿದ್ದ ಅವನಿಗೆ ಆ ಮನೆಯು ಆಶ್ರಯವಾಯಿತು. 1767ರಲ್ಲಿ ಪತಿಯು ಕುದುರೆಯಿಂದ ಬಿದ್ದು ಮೃತನಾದ ಬಳಿಕವೂ, ಓಲ್ನಿ ಪಟ್ಟಣದಲ್ಲಿದ್ದಾಗ ವ್ಯಾಧಿಯು ಮರುಕಳಿಸಿದಾಗಲೂ, ಆಕೆಯು ಹಗಲಿರುಳು ಅವನನ್ನು ಉಪಚರಿಸಿದಳು. ದೀರ್ಘಕಾವ್ಯಗಳನ್ನು ಬರೆಯೆಂದು ಪ್ರೇರಿಸಿದವಳೂ ಆಕೆಯೇ. ಕವಿಯನ್ನು ಹೊಗಳುವವರು ಇದನ್ನು ಮರೆಯುವುದು ನ್ಯಾಯವಲ್ಲ. ಮುಂದೆ ಆಕೆಗೆ ಪಾರ್ಶ್ವವಾಯು ಬಡಿಯಲು, ಉಪಚಾರದ ಸರದಿಯು ಕವಿಯದಾಯಿತು. 1793ರಲ್ಲಿ ಆಕೆಯನ್ನೇ ಕುರಿತು ಪದ್ಯವನ್ನು ರಚಿಸಿದನು. 1796ರ ಡಿಸೆಂಬರಿನಲ್ಲಿ ಈಸ್ಟ್ ಡೀರಮ್ ಊರಿನಲ್ಲಿ ಆಕೆಯು ಕರ್ತನಲ್ಲಿ ನಿದ್ರೆಹೋದಳು. ಅಂದಿನಿಂದ ಆಕೆಯ ಹೆಸರನ್ನು ಅವನು ಉಚ್ಚರಿಸಲೇ ಇಲ್ಲವೆಂದು ಚರಿತ್ರಕಾರರು ಹೇಳುತ್ತಾರೆ. 1800ರಲ್ಲಿ ಅದೇ ಊರಿನ ದೇವಾಲಯದಲ್ಲಿ ಅವನನ್ನೂ ಸಮಾಧಿ ಮಾಡಿದರು.