ಒಲ್ಲೆನೆಂದ ರಾಜಕುವರಿ: ಪ್ರಾಗ್‌ನ ಸಂತ ಆಗ್ನೆಸ್



ಮೂರು ವರ್ಷದ ಮಗುವಿಗೆ ಏನು ತಿಳಿದಿರುತ್ತದೆ? ತಾಯಿಯ ಮಡಿಲು, ಆಟ, ಹಸಿವು, ನಿದ್ದೆ. ಅದೇ ವಯಸ್ಸಿನಲ್ಲಿ ಬೊಹೀಮಿಯದ ರಾಜಕುವರಿ ಆಗ್ನೆಸಳನ್ನು ಹೆತ್ತವರು ದೂರದ ಸೈಲೀಸಿಯಕ್ಕೆ ಕಳುಹಿಸಿಕೊಟ್ಟರು. ಅಲ್ಲಿನ ದೊರೆಮನೆತನದ ಹುಡುಗನಿಗೆ ಆಕೆಯನ್ನು ಕೊಡುವುದೆಂದು ಮಾತಾಗಿತ್ತು.

ಆಗ್ನೆಸ್ ಹುಟ್ಟಿದ್ದು ಸುಮಾರು 1211ರಲ್ಲಿ, ಇಂದಿನ ಚೆಕ್ ಗಣರಾಜ್ಯದ ಪ್ರಾಗ್ ನಗರದಲ್ಲಿ. ತಂದೆ ಒಂದನೆಯ ಒಟ್ಟೊಕರ್ ರಾಜ, ತಾಯಿ ಹಂಗೆರಿಯ ಕಾನ್‌ಸ್ಟನ್ಸ್. ಹಂಗೆರಿಯ ಸಂತ ಎಲಿಜಬೆತ್ ಈಕೆಯ ಸೋದರಮಾವನ ಮಗಳು. ಆ ಕಾಲದ ಅರಸರಿಗೆ ಹೆಣ್ಣುಮಕ್ಕಳ ಮದುವೆಯೆಂದರೆ ಒಪ್ಪಂದದ ಮೇಲೆ ಒತ್ತುವ ಮುದ್ರೆಯಿದ್ದಂತೆ. ಹುಡುಗಿಯ ಮನಸ್ಸನ್ನು ಕೇಳುವವರೇ ಇರಲಿಲ್ಲ.

ಸೈಲೀಸಿಯದಲ್ಲಿ ಸಂತ ಹೆಡ್ವಿಗರ ಆಶ್ರಯದಲ್ಲಿ ಬೆಳೆದ ಮಗು, ಆ ಸಂಬಂಧ ಮುರಿದಾಗ ಪ್ರಾಗ್‌ಗೆ ಮರಳಿತು. 1220ರಲ್ಲಿ ಎರಡನೆಯ ನಿಶ್ಚಯ. ಈ ಬಾರಿ ವರ, ಎರಡನೆಯ ಫ್ರೆಡರಿಕನ ಮಗ ಹೆನ್ರಿ. ಬಾಲಕಿಯನ್ನು ಆಸ್ಟ್ರಿಯದ ಡ್ಯೂಕನ ಆಸ್ಥಾನದಲ್ಲಿ ಬಿಟ್ಟರು. 1225ರಲ್ಲಿ ಆ ಡ್ಯೂಕನೇ ತನ್ನ ಮಗಳನ್ನು ಹೆನ್ರಿಗೆ ಧಾರೆಯೆರೆದ. ಆಗ್ನೆಸ್ ಮತ್ತೆ ತವರಿಗೆ ಬಂದಳು. ಅನಂತರ ಇಂಗ್ಲೆಂಡಿನ ಅರಸನ ಪರವಾಗಿ ಮಾತುಕತೆ ನಡೆಯಿತು. ಕೊನೆಗೆ ಚಕ್ರವರ್ತಿ ಫ್ರೆಡರಿಕನೇ ತನಗಾಗಿ ಹೆಣ್ಣು ಕೇಳಿಸಿದ.

ಆಗ ಆಕೆಗೆ ಇಪ್ಪತ್ತರ ಆಸುಪಾಸು. ತನ್ನ ಬದುಕನ್ನು ದೇವರಿಗೇ ಮೀಸಲಿಡಲು ಮನಸ್ಸಿನಲ್ಲಿ ನಿರ್ಧರಿಸಿದ್ದಳು. ತಂದೆ 1230ರಲ್ಲಿ ತೀರಿಕೊಂಡಿದ್ದರು. ಅಣ್ಣ ವೆನ್ಸೆಸ್ಲಾಸ್ ಸಿಂಹಾಸನದಲ್ಲಿದ್ದ. ಚಕ್ರವರ್ತಿಗೆ ಇಲ್ಲವೆಂದರೆ ಇಡೀ ರಾಜ್ಯಕ್ಕೇ ಕುತ್ತು. ಆಗ್ನೆಸ್ ಓಡಿಹೋಗಲಿಲ್ಲ, ತಲೆತಗ್ಗಿಸಿ ಒಪ್ಪಲೂ ಇಲ್ಲ. ರೋಮಿನಲ್ಲಿದ್ದ ಜಗದ್ಗುರು ಒಂಬತ್ತನೆಯ ಗ್ರೆಗೊರಿಯವರಿಗೆ ಮೊರೆಯಿಟ್ಟಳು.

ಜಗದ್ಗುರುಗಳ ಸ್ಥಿತಿಯೂ ಸುಲಭದ್ದಾಗಿರಲಿಲ್ಲ. 1227ರಲ್ಲಿ ಇದೇ ಫ್ರೆಡರಿಕನನ್ನು ಅವರು ಧರ್ಮಸಭೆಯಿಂದ ಬಹಿಷ್ಕರಿಸಿದ್ದರು. 1230ರಲ್ಲಷ್ಟೇ ಇಬ್ಬರ ನಡುವೆ ರಾಜಿಯಾಗಿತ್ತು. ಒಬ್ಬ ಹುಡುಗಿಗಾಗಿ ಆ ಶಾಂತಿಯನ್ನು ಕದಡುವುದೇಕೆಂದು ಅವರು ಸುಮ್ಮನಿರಬಹುದಿತ್ತು. ಹಾಗೆ ಮಾಡದೆ, ಆಕೆಯ ಕನ್ಯಾವ್ರತವನ್ನು ಮಾನ್ಯಮಾಡಿ ರಕ್ಷಣೆಗೆ ನಿಂತರು. ಚಕ್ರವರ್ತಿ ಹಿಂದೆ ಸರಿದ. ಬಾಲ್ಯದಿಂದ ಆಕೆಯನ್ನು ಊರೂರಿಗೆ ಸಾಗಿಸಿದ್ದೂ ರಾಜತಂತ್ರವೇ, ಕೊನೆಗೆ ಬಿಡಿಸಿದ್ದೂ ರಾಜತಂತ್ರವೇ. ವ್ಯತ್ಯಾಸ ಒಂದೇ: ಈ ಸಲ ಆಕೆಯ ಮಾತನ್ನು ಕೇಳಿದವರಿದ್ದರು.

ಆಗ್ನೆಸ್ ಪ್ರಾಗ್‌ನಲ್ಲಿ ಬಡವರಿಗಾಗಿ ಆಸ್ಪತ್ರೆ ಕಟ್ಟಿಸಿದಳು. 1234ರ ಪೆಂತಕೋಸ್ತ್ ಹಬ್ಬದಂದು ತಾನೇ ಸ್ಥಾಪಿಸಿದ ಕನ್ಯಾಮಠವನ್ನು ಸೇರಿದಳು. ಅಸ್ಸಿಸಿಯ ಸಂತ ಕ್ಲಾರ ಆಕೆಗೆ ಬರೆದ ನಾಲ್ಕು ಪತ್ರಗಳು ಇಂದಿಗೂ ಉಳಿದಿವೆ. 1282ರ ಮಾರ್ಚಿಯಲ್ಲಿ ಆಕೆ ಪ್ರಭುವಿನಲ್ಲಿ ನಿದ್ರಿಸಿದಳು. 1989ರ ನವೆಂಬರ್ 12ರಂದು ಜಗದ್ಗುರು ಎರಡನೆಯ ಜಾನ್ ಪಾಲ್ ಆಕೆಯನ್ನು ಸಂತರ ಸಾಲಿಗೆ ಸೇರಿಸಿದರು.

ಸಹೋದರ ಸಹೋದರಿಯರೇ, ವಧೂವರರ ಮನಃಪೂರ್ವಕ ಒಪ್ಪಿಗೆಯೇ ವಿವಾಹ ಸಂಸ್ಕಾರದ ಜೀವಾಳ. ಬಲವಂತಕ್ಕೋ ಭಯಕ್ಕೋ ಆದ ಮದುವೆಯನ್ನು ಧರ್ಮಸಭೆಯ ಕಾನೂನು ಮದುವೆಯೆಂದೇ ಒಪ್ಪುವುದಿಲ್ಲ. ಆದರೂ ಒಳ್ಳೆಯ ಮನೆತನ, ವಿದೇಶದ ನೌಕರಿ, ಮಾತು ಕೊಟ್ಟಾಗಿದೆ ಎಂಬ ಕಾರಣಗಳ ಕೆಳಗೆ ಮಗಳ ಮೌನ ಹೂತುಹೋಗುವುದುಂಟು. ಆ ಮೌನವನ್ನು ಒಪ್ಪಿಗೆಯೆಂದು ತಿಳಿಯಬೇಡಿ. ರಾಜಕುವರಿಯ ಮೊರೆ ರೋಮಿನವರೆಗೆ ತಲುಪಿತು. ನಿಮ್ಮ ಮಗಳು ಹೇಳಿಕೊಳ್ಳಬೇಕಾದುದು ನಿಮ್ಮಲ್ಲೇ. ತಾಂಬೂಲ ಬದಲಿಸುವ ಮುನ್ನ ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಬೇಡವೆಂದರೆ, ಆ ಮಾತನ್ನು ಬೀಗರಿಗೆ ತಲುಪಿಸುವ ದೂತರು ನೀವೇ ಆಗಿ.